ಮಳೆ ನಿಲ್ಲದ ಕಾಲದ ದೊರೆ: ಇಂಗ್ಲೆಂಡಿನ ಎರಡನೆಯ ಎಡ್ವರ್ಡ್

1315ನೆಯ ಇಸವಿಯ ಆಗಸ್ಟ್ ತಿಂಗಳು. ಇಂಗ್ಲೆಂಡಿನ ದೊರೆ ಎರಡನೆಯ ಎಡ್ವರ್ಡ್ ತನ್ನ ಪರಿವಾರದೊಡನೆ ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಎಂಬ ಊರಿಗೆ ಬಂದು ಇಳಿದನು. ಅಲ್ಲಿ ಹೆಸರುವಾಸಿಯಾದ ದೊಡ್ಡ ಕ್ರೈಸ್ತ ಮಠವಿತ್ತು. ದೊರೆ ಬಂದರೆ ಊರೇ ಮುಂದೆ ಬಂದು ಉಪಚರಿಸುವ ಕಾಲ ಅದು. ಆದರೆ ಅಂದು ಅರಮನೆಯ ಪರಿವಾರಕ್ಕೆ ಸಾಲುವಷ್ಟು ರೊಟ್ಟಿ ಆ ಊರಿನಲ್ಲಿ ದುಡ್ಡು ಕೊಟ್ಟರೂ ಸಿಗಲಿಲ್ಲ. ದೊರೆಯ ಬಳಿ ಹಣವಿತ್ತು, ಅಧಿಕಾರವಿತ್ತು, ಕತ್ತಿ ಹಿಡಿದ ಆಳುಗಳಿದ್ದರು. ಇಲ್ಲದಿದ್ದುದು ಹಿಟ್ಟು ಮಾತ್ರ. ಅರಸನ ಪಾಡೇ ಹೀಗಿದ್ದಲ್ಲಿ ಬಡ ಒಕ್ಕಲಿನ ಮನೆಯಲ್ಲಿ ಒಲೆ ಹೇಗೆ ಹೊತ್ತೀತು ಎಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಇತಿಹಾಸದಲ್ಲಿ ಗೆದ್ದವರ ಚರಿತ್ರೆಗಳನ್ನು ನಾವು ಬೇಕಾದಷ್ಟು ಓದುತ್ತೇವೆ. ಈ ಬಾರಿ ಸೋತ ಒಬ್ಬ ಅರಸನ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಲು ಮನಸ್ಸು ಮಾಡಿದ್ದೇವೆ. ಅವನು ಹಗೆಗಳಿಗೆ ಸೋತನು, ಮಂತ್ರಿಗಳಿಗೆ ಸೋತನು, ಕಡೆಗೆ ಹೆಂಡತಿಗೂ ಸೋತನು. ಇದೆಲ್ಲದರ ನಡುವೆ ಅವನ ನಾಡಿನ ಮೇಲೆ ಎರಡು ವರುಷ ಬಿಡದೆ ಮಳೆ ಸುರಿಯಿತು.

ಎಡ್ವರ್ಡ್ ಹುಟ್ಟಿದ್ದು 1284ರ ಏಪ್ರಿಲ್ 25ರಂದು, ವೇಲ್ಸ್ ಪ್ರಾಂತದ ಕರ್ನಾರ್ವನ್ ಎಂಬಲ್ಲಿ. ತಂದೆ ಒಂದನೆಯ ಎಡ್ವರ್ಡ್ ಮಹಾ ಯೋಧ. ವೇಲ್ಸನ್ನು ಗೆದ್ದು, ಸ್ಕಾಟ್ಲೆಂಡನ್ನೂ ನುಂಗಲು ಹೊರಟಿದ್ದವನು. ವೇಲ್ಸಿನ ಜನ ತಮ್ಮ ನಾಡಿನಲ್ಲೇ ಹುಟ್ಟಿದ, ಇಂಗ್ಲಿಷ್ ಬಾರದ ರಾಜಕುಮಾರ ಬೇಕೆಂದು ಕೇಳಿದಾಗ ತಂದೆ ಈ ಹಸುಗೂಸನ್ನೇ ಎತ್ತಿ ತೋರಿಸಿದನೆಂದು ಒಂದು ಕಥೆಯಿದೆ. ಕೇಳಲು ಸೊಗಸಾಗಿದೆ, ಆದರೆ ಬಹಳ ಕಾಲದ ಮೇಲೆ ಹುಟ್ಟಿಕೊಂಡ ಕಟ್ಟುಕಥೆ. ವೇಲ್ಸಿನ ಯುವರಾಜ ಪಟ್ಟ ಅವನಿಗೆ ದೊರೆತದ್ದು 1301ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ.

ಹುಡುಗ ಎತ್ತರದ ಆಳು, ಕಟ್ಟುಮಸ್ತಾದ ಮೈ, ನೋಡಲು ಚೆಲುವ. ಆದರೆ ಅವನ ಹವ್ಯಾಸಗಳು ಆಸ್ಥಾನದವರಿಗೆ ಹಿಡಿಸುತ್ತಿರಲಿಲ್ಲ. ಆ ಕಾಲದ ರಾಜಪುತ್ರರು ಕುದುರೆಯೇರಿ ಈಟಿ ಹಿಡಿದು ಕಾದಾಡುವ ಪಂದ್ಯಗಳಲ್ಲಿ ಹೆಸರು ಮಾಡಬೇಕು. ಈತನಿಗೋ ದೋಣಿ ನಡೆಸುವುದು, ಈಜುವುದು, ಮನೆಯ ಮಾಡಿಗೆ ಹುಲ್ಲು ಹೊದಿಸುವುದು, ಕಾಲುವೆ ತೋಡುವುದು ಇವೇ ಇಷ್ಟ. ಬಡಗಿ, ಅಂಬಿಗ, ಗುದ್ದಲಿಯಾಳುಗಳ ಜೊತೆ ಕುಳಿತು ಹರಟೆ ಹೊಡೆಯುತ್ತಿದ್ದನು. ಇಂದಿನ ನಮ್ಮ ಕಣ್ಣಿಗೆ ಇದು ತಪ್ಪಾಗಿ ಕಾಣುವುದಿಲ್ಲ, ಮೆಚ್ಚಿಗೆಯೇ ಆಗುತ್ತದೆ. ಆದರೆ ಅರಸನಾದವನು ಅರಸನಂತಿರಬೇಕು ಎಂದು ನಂಬಿದ್ದ ಆ ಕಾಲದಲ್ಲಿ ಇದೊಂದು ಅಪರಾಧವಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದು ಮತ್ತೆ ಬರುತ್ತದೆ.

1307ರ ಜುಲೈ 7ರಂದು ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುತ್ತಿದ್ದಾಗಲೇ ತಂದೆ ತೀರಿಕೊಂಡನು. ಇಪ್ಪತ್ತಮೂರರ ಹರೆಯದ ಮಗನಿಗೆ ಕಿರೀಟ ಬಂತು. ಕಿರೀಟದ ಜೊತೆಗೆ ಮುಗಿಯದ ಒಂದು ಯುದ್ಧ, ಸುಮಾರು 2 ಲಕ್ಷ ಪೌಂಡು ಸಾಲ, ತಂದೆಯ ಕಾಲದ ತೆರಿಗೆಗಳಿಂದ ಬೇಸತ್ತ ಸಾಮಂತರು ಇವೂ ಬಂದವು. ಮರು ವರ್ಷ ಜನವರಿಯಲ್ಲಿ ಫ್ರಾನ್ಸಿನ ರಾಜಕುಮಾರಿ ಇಸಬೆಲ್ಲಾಳೊಡನೆ ವಿವಾಹ, ಫೆಬ್ರವರಿ 25ರಂದು ಪಟ್ಟಾಭಿಷೇಕ.

ಹೊಸ ದೊರೆ ಮಾಡಿದ ಮೊದಲ ತಪ್ಪು ಒಬ್ಬನೇ ಗೆಳೆಯನನ್ನು ತಲೆಯ ಮೇಲೆ ಹೊತ್ತು ಕುಣಿದದ್ದು. ಗೆಳೆಯನ ಹೆಸರು ಪಿಯರ್ಸ್ ಗ್ಯಾವೆಸ್ಟನ್, ಫ್ರಾನ್ಸಿನ ಗ್ಯಾಸ್ಕನಿಯವನು. ರಾಜವಂಶದವರಿಗೆ ಸಲ್ಲಬೇಕಾದ ಕಾರ್ನ್‌ವಾಲಿನ ಜಹಗೀರನ್ನು ದೊರೆ ಅವನಿಗೆ ಕೊಟ್ಟನು. ಗ್ಯಾವೆಸ್ಟನ್ನನ ನಾಲಿಗೆಯೂ ಹರಿತ. ದೊಡ್ಡ ದೊಡ್ಡ ಸಾಮಂತರಿಗೆ ಅಡ್ಡಹೆಸರಿಟ್ಟು ನಗುತ್ತಿದ್ದನು. ಸಾಮಂತರು ಸೇರಿ 1311ರಲ್ಲಿ ದೊರೆಯ ಕೈ ಕಟ್ಟುವ ನಿಬಂಧನೆಗಳನ್ನು ಹೊರಡಿಸಿದರು. ಸಭೆಯ ಒಪ್ಪಿಗೆಯಿಲ್ಲದೆ ಯುದ್ಧಕ್ಕೆ ಹೋಗಕೂಡದು, ದಾನದತ್ತಿ ಕೊಡಕೂಡದು, ಗ್ಯಾವೆಸ್ಟನ್ ನಾಡು ಬಿಟ್ಟು ಹೋಗಬೇಕು. ಅವನು ಹೋದನು, ಮತ್ತೆ ಬಂದನು. 1312ರ ಜೂನ್ 19ರಂದು ಸಾಮಂತರು ಅವನನ್ನು ವಾರಿಕ್ ಪಟ್ಟಣದ ಬಳಿಯ ಗುಡ್ಡವೊಂದರ ಮೇಲೆ ಕೊಂದು ಹಾಕಿದರು. ಕೊಲೆಯ ಮುಂದಾಳುಗಳಲ್ಲಿ ದೊರೆಯ ದಾಯಾದಿ, ಐದು ಜಹಗೀರುಗಳ ಒಡೆಯ, ಲ್ಯಾಂಕಾಸ್ಟರಿನ ಥಾಮಸ್ ಸೇರಿದ್ದನು. ದೊರೆ ಈ ಹಗೆಯನ್ನು ಹತ್ತು ವರುಷ ಹೊಟ್ಟೆಯಲ್ಲಿಟ್ಟುಕೊಂಡನು.

ಇತ್ತ ಸ್ಕಾಟ್ಲೆಂಡಿನಲ್ಲಿ ರಾಬರ್ಟ್ ಬ್ರೂಸ್ ಒಂದೊಂದೇ ಕೋಟೆಯನ್ನು ಹಿಂದಕ್ಕೆ ಪಡೆಯುತ್ತಿದ್ದನು. 1314ರ ಜೂನ್ 23 ಮತ್ತು 24ರಂದು ಬ್ಯಾನಕ್‌ಬರ್ನ್ ಎಂಬ ಹಳ್ಳದ ಬಳಿ ಎರಡೂ ಸೈನ್ಯಗಳು ಎದುರಾದವು. ಇಂಗ್ಲಿಷರ ದಂಡು ದೊಡ್ಡದು, ಸ್ಕಾಟರದು ಚಿಕ್ಕದು. ಆದರೆ ಜೌಗು ನೆಲದಲ್ಲಿ ಇಂಗ್ಲಿಷರ ಭಾರಿ ಕುದುರೆಗಳು ಇಕ್ಕಟ್ಟಿಗೆ ಸಿಕ್ಕಿಬಿದ್ದವು. ಎಡ್ವರ್ಡ್ ಸ್ವತಃ ಹೇಡಿಯಲ್ಲ, ಚೆನ್ನಾಗಿಯೇ ಕಾದಿದನು. ಕಡೆಗೆ ಅಂಗರಕ್ಷಕರು ಎಳೆದೊಯ್ದ ಮೇಲೆ ಡನ್‌ಬಾರ್ ಬಂದರಿನಿಂದ ಹಡಗು ಹತ್ತಿ ಪಾರಾದನು. ಅಂದಿನಿಂದ ಉತ್ತರ ಇಂಗ್ಲೆಂಡಿನ ಹಳ್ಳಿಗಳಿಗೆ ಕಾವಲೇ ಇಲ್ಲದಂತಾಯಿತು. ಸ್ಕಾಟರು ಮನಸ್ಸಾದಾಗಲೆಲ್ಲ ಇಳಿದು ಬಂದು ದನ ಹೊಡೆದುಕೊಂಡು, ಕಣಜಕ್ಕೆ ಬೆಂಕಿಯಿಟ್ಟು ಹೋಗುತ್ತಿದ್ದರು. ಡರಮ್ ಸೀಮೆಯವರು ಹಣ ಕೊಟ್ಟು ಶಾಂತಿಯನ್ನು ಕೊಂಡುಕೊಳ್ಳುತ್ತಿದ್ದರು.

ಗಾಯ ಮಾಯುವ ಮುನ್ನವೇ ಮಳೆ ಹಿಡಿಯಿತು.

ಬರಗಾಲವೆಂದರೆ ಮಳೆ ಬಾರದಿರುವುದು ಎಂದು ನಾವು ತಿಳಿದಿದ್ದೇವೆ. ನಮ್ಮ ಹಿರಿಯರು ಕಂಡ ಬರವೆಲ್ಲ ಒಣ ಬರವೇ. ಹೀಗಾಗಿ ಮಳೆಯಿಂದಲೇ ಬರ ಬೀಳುವುದು ಹೇಗೆಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಸ್ವಲ್ಪ ವಿವರವಾಗಿಯೇ ಹೇಳಬೇಕು.

1315ರ ವಸಂತದಲ್ಲಿ ಶುರುವಾದ ಮಳೆ ಬೇಸಗೆಯುದ್ದಕ್ಕೂ ನಿಲ್ಲಲಿಲ್ಲ. ಇಂಗ್ಲೆಂಡ್ ಮಾತ್ರವಲ್ಲ, ಉತ್ತರ ಫ್ರಾನ್ಸ್, ಫ್ಲಾಂಡರ್ಸ್, ಜರ್ಮನಿಯ ಸೀಮೆಗಳೆಲ್ಲ ನೆನೆದು ತೊಪ್ಪೆಯಾದವು. ಆ ನಾಡಿನ ಗೋಧಿಗೆ ಬೇಸಗೆಯ ಬಿಸಿಲು ಬೇಕು. ಬಿಸಿಲಿಲ್ಲದೆ ತೆನೆ ಹಾಲುಗಟ್ಟಲಿಲ್ಲ. ಬಲಿತ ಅಷ್ಟಿಷ್ಟು ತೆನೆ ಹೊಲದಲ್ಲೇ ಮೊಳಕೆಯೊಡೆಯಿತು, ಇಲ್ಲವೆ ಕೊಳೆಯಿತು. ಕೊಯ್ದ ಕಾಳನ್ನು ಬೀಸುವ ಮೊದಲು ಒಲೆಯ ಕಾವಿನಲ್ಲಿ ಒಣಗಿಸಬೇಕಾಯಿತು. ಹೊಲದ ಸಾರವೆಲ್ಲ ನೀರಿನೊಡನೆ ಕೊಚ್ಚಿಹೋಯಿತು. ಚಳಿಗಾಲಕ್ಕೆ ದನಗಳಿಗಾಗಿ ಕೂಡಿಡುವ ಹುಲ್ಲು ಒಣಗದೆ ಬೂಷ್ಟು ಹಿಡಿಯಿತು. ಉಪ್ಪಿಗೂ ತತ್ವಾರ ಬಂತು. ಉಪ್ಪುನೀರನ್ನು ಕುದಿಸಿ ಉಪ್ಪು ತೆಗೆಯಲು ಬೇಕಾದ ಉರುವಲೇ ಒದ್ದೆ. ಉಪ್ಪಿಲ್ಲದೆ ಮಾಂಸವನ್ನೂ ಮೀನನ್ನೂ ಕೆಡದಂತೆ ಇಡುವುದು ಹೇಗೆ? ಒಂದು ಕೊರತೆ ಇನ್ನೊಂದನ್ನು ಎಳೆದು ತಂದಿತು.

1316ರಲ್ಲೂ ಅದೇ ಕಥೆ. ವಿಂಚೆಸ್ಟರಿನ ಬಿಷಪ್ಪರ ಹೊಲಮನೆಗಳ ಲೆಕ್ಕಪತ್ರಗಳು ಇಂದಿಗೂ ಉಳಿದಿವೆ. ಈ ಎರಡು ವರುಷ ಬೆಳೆ ವಾಡಿಕೆಗಿಂತ ಬಹಳ ಕೆಳಗಿಳಿದದ್ದು ಅವುಗಳಿಂದ ತಿಳಿಯುತ್ತದೆ. ಒಳ್ಳೆಯ ವರುಷದಲ್ಲೇ ಒಂದು ಕಾಳು ಬಿತ್ತಿದರೆ ನಾಲ್ಕು ಕಾಳು ಬರುತ್ತಿದ್ದ ನೆಲ ಅದು. ಬರುವುದು ಎರಡೇ ಕಾಳಾದರೆ ಬೀಜಕ್ಕೆ ಒಂದು ತೆಗೆದಿಟ್ಟು ಉಣ್ಣಲು ಒಂದೇ ಉಳಿಯುತ್ತದೆ. ಹಸಿದವನು ಬೀಜದ ಕಾಳನ್ನೂ ತಿಂದರೆ ಮುಂದಿನ ವರುಷಕ್ಕೆ ಏನೂ ಇಲ್ಲ. ಬರ ವರುಷದಿಂದ ವರುಷಕ್ಕೆ ದಾಟುವುದು ಹೀಗೆ. ಐದಾರು ಶಿಲ್ಲಿಂಗಿಗೆ ಸಿಗುತ್ತಿದ್ದ ಒಂದು ಕ್ವಾರ್ಟರ್ ಗೋಧಿ, ಅಂದರೆ ಎಂಟು ಬುಷೆಲ್, ಕೆಲವು ಸಂತೆಗಳಲ್ಲಿ 20 ಶಿಲ್ಲಿಂಗನ್ನೂ ದಾಟಿತು. ಒಂದು ಶಿಲ್ಲಿಂಗಿಗೆ 12 ಪೆನ್ನಿ. ಕೂಲಿಯಾಳಿಗೆ ದಿನಕ್ಕೆ ಸಿಗುತ್ತಿದ್ದುದು ಒಂದೂವರೆಯೋ ಎರಡೋ ಪೆನ್ನಿ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ತಾವೇ ಹಾಕಿ ನೋಡಲಿ.

ಫ್ಲಾಂಡರ್ಸಿನ ಈಪ್ರ್ ಪಟ್ಟಣದಲ್ಲಿ 1316ರ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಊರಿನ ಖರ್ಚಿನಲ್ಲಿ ಹೂಳಿದ ಹೆಣಗಳ ಲೆಕ್ಕವಿದೆ: ಸುಮಾರು 2,800. ಹತ್ತು ಜನರಲ್ಲಿ ಒಬ್ಬರು ಎಂದ ಹಾಗಾಯಿತು. ಇಂಗ್ಲೆಂಡಿನಲ್ಲೂ ಹತ್ತಕ್ಕೆ ಒಬ್ಬರು, ಅದಕ್ಕಿಂತ ಹೆಚ್ಚೂ ಇರಬಹುದು ಎಂದು ವಿದ್ವಾಂಸರ ಅಂದಾಜು. ನೂರಾರು ವರುಷ ಹದವಾಗಿದ್ದ ಯುರೋಪಿನ ಹವೆ ಆ ಶತಮಾನದ ಆಸುಪಾಸಿನಲ್ಲಿ ತಂಪಿನ ಕಡೆಗೆ ತಿರುಗುತ್ತಿತ್ತು. ಹಳೆಯ ಓಕ್ ಮರಗಳ ಕಾಂಡದಲ್ಲಿರುವ ವರ್ಷವರ್ಷದ ಉಂಗುರಗಳನ್ನು ಅಳೆದು, ಆ ವರುಷಗಳು ಎಷ್ಟು ಒದ್ದೆಯಾಗಿದ್ದುವೆಂದು ವಿಜ್ಞಾನಿಗಳು ಈಗ ತೋರಿಸಿಕೊಟ್ಟಿದ್ದಾರೆ.

ಹಾಗಾದರೆ ದೊರೆ ಏನು ಮಾಡಿದನು? ಕೈಕಟ್ಟಿ ಕುಳಿತನೆಂದು ಹೇಳಿದರೆ ಅನ್ಯಾಯವಾದೀತು. ಮಳೆ ಬಲಿಯುವ ಮೊದಲೇ, 1315ರ ಆರಂಭದ ಪಾರ್ಲಿಮೆಂಟಿನಲ್ಲಿ, ಬೆಲೆಗಳನ್ನು ಕಟ್ಟುಮಾಡಲಾಯಿತು. ಕಾಳು ತಿನ್ನಿಸಿ ಕೊಬ್ಬಿಸಿದ ಎತ್ತಿಗೆ 24 ಶಿಲ್ಲಿಂಗು, ಕೊಬ್ಬಿದ ಕೋಳಿಗೆ ಒಂದು ಪೆನ್ನಿ, 24 ಮೊಟ್ಟೆಗೆ ಒಂದು ಪೆನ್ನಿ. ಮೀರಿ ಮಾರಿದವನ ಸರಕು ಜಪ್ತಿ. ಆದದ್ದೇನು? ಮಾರುವವರು ಸಂತೆಗೆ ಬರುವುದನ್ನೇ ಬಿಟ್ಟರು. ಮೊದಲು ಹೆಚ್ಚು ಬೆಲೆಗಾದರೂ ಸಿಗುತ್ತಿದ್ದ ಕೋಳಿ ಮೊಟ್ಟೆಗಳು ಈಗ ಕಣ್ಣಿಗೇ ಬೀಳದಾದವು. 1316ರ ಮೊದಲಲ್ಲಿ ಲಿಂಕನ್ನಿನಲ್ಲಿ ಸೇರಿದ ಪಾರ್ಲಿಮೆಂಟು ಆ ಕಟ್ಟಳೆಯನ್ನು ರದ್ದು ಮಾಡಿತು. ಮುಂದೆ ದೊರೆ ಕಾಳು ಬಚ್ಚಿಟ್ಟವರು ಹೊರತೆಗೆದು ಮಾರುವಂತೆ ಉಪದೇಶಿಸಬೇಕೆಂದು ಬಿಷಪ್ಪರಿಗೆ ಬರೆದನು. ಸ್ಪೇನ್, ಇಟಲಿ ಕಡೆಯ ವರ್ತಕರು ಗೋಧಿ ತಂದರೆ ದಾರಿಯಲ್ಲಿ ರಕ್ಷಣೆಯ ಭರವಸೆ ಕೊಟ್ಟನು. ಆಲೋಚನೆ ಒಳ್ಳೆಯದೇ. ಆದರೆ ಕಡಲಲ್ಲಿ ಕಳ್ಳರು ತುಂಬಿದ್ದರು, ನೆರೆಯ ದೇಶಗಳಲ್ಲೂ ಹಸಿವೆಯೇ ಇತ್ತು, ದೊರೆಯ ಮಾತು ದೂರದ ಜಿಲ್ಲೆಗಳಲ್ಲಿ ನಡೆಯುತ್ತಿರಲಿಲ್ಲ.

ಇಷ್ಟರಲ್ಲೇ ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ಅದೇ 1315ರ ಶರತ್ಕಾಲದಲ್ಲಿ, ಪೈರು ಹೊಲದಲ್ಲಿ ಕೊಳೆಯುತ್ತಿದ್ದಾಗ, ದೊರೆ ಕೇಂಬ್ರಿಜ್ ಸೀಮೆಯ ಜೌಗು ಪ್ರದೇಶದಲ್ಲಿ ಸಾಮಾನ್ಯ ಜನರ ಗುಂಪು ಕಟ್ಟಿಕೊಂಡು ದೋಣಿವಿಹಾರ ಮಾಡುತ್ತಿದ್ದನೆಂದು ಒಬ್ಬ ಸಮಕಾಲೀನ ಚರಿತ್ರಕಾರ ಬರೆದಿಟ್ಟಿದ್ದಾನೆ. ಬರೆದವನಿಗೆ ದೊರೆಯ ಮೇಲೆ ಪ್ರೀತಿಯಿರಲಿಲ್ಲ ನಿಜ. ಆದರೂ ಒಕ್ಕಲು ಮಕ್ಕಳ ಕೆಲಸವನ್ನು ಅಷ್ಟು ಪ್ರೀತಿಸಿದವನಿಗೆ ಒಕ್ಕಲು ಮಕ್ಕಳ ಸಂಕಟ ಆಟವನ್ನು ಬಿಡಿಸುವಷ್ಟು ತಟ್ಟಲಿಲ್ಲವೇ ಎಂದು ನಮಗೆ ಅನ್ನಿಸುತ್ತದೆ.

ಆ ಹೊತ್ತಿನಲ್ಲಿ ನಾಡಿಗೆ ಬೇಕಾಗಿದ್ದುದು ದೊರೆಯೂ ಸಾಮಂತರೂ ಒಂದಾಗಿ ನಿಲ್ಲುವುದು. ಲಿಂಕನ್ ಪಾರ್ಲಿಮೆಂಟು ಲ್ಯಾಂಕಾಸ್ಟರಿನ ಥಾಮಸನನ್ನೇ ಮಂತ್ರಾಲೋಚನೆ ಸಭೆಯ ಮುಖ್ಯನನ್ನಾಗಿ ಮಾಡಿತು. ಅಧಿಕಾರ ಸಿಕ್ಕಿತು, ಕೆಲಸ ಮಾತ್ರ ಮಾಡಲಿಲ್ಲ. ತನ್ನ ಪಾಂಟೆಫ್ರ್ಯಾಕ್ಟ್ ಕೋಟೆಯಲ್ಲಿ ಕುಳಿತು ಮುನಿಸು ಸಾಧಿಸಿದನು. ದೊರೆಯಾದರೋ ಗೆಳೆಯನನ್ನು ಕೊಂದವನ ಮುಖ ನೋಡಲಾರ. ಇಬ್ಬರ ನಡುವೆ 1318ರ ಆಗಸ್ಟಿನಲ್ಲಿ ಲೀಕ್ ಎಂಬಲ್ಲಿ ರಾಜಿಯಾಗುವ ಹೊತ್ತಿಗೆ ಹಸಿವಿನ ಕೆಟ್ಟ ವರುಷಗಳು ಮುಗಿದೇ ಹೋಗಿದ್ದವು. ಮಳೆ ಯಾರ ತಪ್ಪೂ ಅಲ್ಲ. ಆದರೆ ಈ ಮೂರು ವರುಷಗಳ ಮುನಿಸನ್ನು ಆಕಾಶದ ಲೆಕ್ಕಕ್ಕೆ ಬರೆಯಲು ನಾವು ಒಪ್ಪಲಾರೆವು.

ಹಸಿವು ಎದುರಾಳಿಗಳನ್ನೂ ಬಿಡಲಿಲ್ಲ. ರಾಬರ್ಟ್ ಬ್ರೂಸನ ತಮ್ಮ ಎಡ್ವರ್ಡ್ ಬ್ರೂಸ್ 1315ರಲ್ಲಿ ಐರ್ಲೆಂಡಿಗೆ ದಂಡು ತೆಗೆದುಕೊಂಡು ಹೋಗಿದ್ದನು. ಅಲ್ಲಿಯೂ ಅದೇ ಮಳೆ, ಅದೇ ಬರ. ದಂಡಿಗೆ ಅನ್ನವಿಲ್ಲದೆ ಊರೂರು ಸೂರೆಯಾದವು. ಐರ್ಲೆಂಡಿನವರ ಪ್ರೀತಿಯೂ ಹೋಯಿತು. 1318ರ ಅಕ್ಟೋಬರಿನಲ್ಲಿ ಅವನು ಯುದ್ಧದಲ್ಲಿ ಮಡಿದನು.

ಅದೇ 1318ರಲ್ಲಿ ನಡೆದ ಒಂದು ವಿಚಿತ್ರ ಪ್ರಸಂಗ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಪೌಡರಮ್‌ನ ಜಾನ್ ಎಂಬವನು ಆಕ್ಸ್‌ಫರ್ಡಿನಲ್ಲಿ ಕಾಣಿಸಿಕೊಂಡು, ತಾನೇ ನಿಜವಾದ ರಾಜಕುಮಾರ, ತೊಟ್ಟಿಲಲ್ಲಿದ್ದಾಗ ತನ್ನನ್ನು ಬದಲಾಯಿಸಿದರು, ಈಗ ಸಿಂಹಾಸನದಲ್ಲಿರುವವನು ಬೇರೆಯವರ ಮಗ ಎಂದು ಸಾರಿದನು. ದೊರೆ ಮೊದಲು ನಕ್ಕನು. ಆದರೆ ಜನ ನಗಲಿಲ್ಲ; ಕಾಲುವೆ ತೋಡುವ, ಹುಲ್ಲು ಹೊದಿಸುವ ಈತ ರಾಜಪುತ್ರನೇ ಇರಲಾರ ಎಂದು ಅರೆಬರೆ ನಂಬಿದರು. ಕಡೆಗೆ ಆ ಬಡಪಾಯಿಯನ್ನು ಗಲ್ಲಿಗೇರಿಸಲಾಯಿತು.

ಮನುಷ್ಯರ ಸರದಿ ಮುಗಿದ ಮೇಲೆ ದನಗಳ ಸರದಿ ಬಂತು. ಯುರೋಪಿನ ಪೂರ್ವಭಾಗದಿಂದ ಹರಡುತ್ತ ಬಂದ ಜಾನುವಾರು ಪಿಡುಗು 1319ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟಿತು. ಅದು ರಿಂಡರ್‌ಪೆಸ್ಟ್ ಇದ್ದಿರಬೇಕೆಂದು ಇಂದಿನ ಹಲವು ವಿದ್ವಾಂಸರು ಊಹಿಸುತ್ತಾರೆ. ಈ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿದ್ದು 2011ರಲ್ಲಿ. ಉಳಿದಿರುವ ಲೆಕ್ಕಪತ್ರಗಳ ಪ್ರಕಾರ ಇಂಗ್ಲೆಂಡಿನ ದನಗಳಲ್ಲಿ ನೂರಕ್ಕೆ ಅರುವತ್ತರಷ್ಟು ಸತ್ತವು. ಅಲ್ಲಿ ನೇಗಿಲಿಗೆ ಎಂಟು ಎತ್ತು ಕಟ್ಟುವುದು ವಾಡಿಕೆ. ಎತ್ತಿಲ್ಲದ ಮನೆಯ ಪಾಡು ನಮ್ಮ ಪೋಷಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಯನೂ ಹೋಯಿತು, ಹಿಂಡು ಮತ್ತೆ ಕೂಡಿಬರಲು ವರುಷಗಳು ಹಿಡಿದವು.

ಈ ನಡುವೆ ದೊರೆಗೆ ಹೊಸ ಪ್ರೀತಿಪಾತ್ರರು ಸಿಕ್ಕಿದ್ದರು: ಹ್ಯೂ ಡಿಸ್ಪೆನ್ಸರ್ ಎಂಬ ಒಂದೇ ಹೆಸರಿನ ತಂದೆ ಮಗ. ಗ್ಯಾವೆಸ್ಟನ್ ಬಾಯಿಬಡುಕನಷ್ಟೆ, ಕಿರಿಯ ಡಿಸ್ಪೆನ್ಸರನಾದರೋ ಭೂಮಿಗೆ ಹಸಿದವನು. ವೇಲ್ಸಿನ ಗಡಿಯಲ್ಲಿ ಕಂಡವರ ಜಹಗೀರುಗಳನ್ನೆಲ್ಲ ಕಬಳಿಸತೊಡಗಿದನು. 1321ರಲ್ಲಿ ಗಡಿಯ ಸಾಮಂತರು ದಂಗೆಯೆದ್ದರು. ಆಗ ದೊರೆ ಯಾರೂ ಎಣಿಸದಷ್ಟು ಚುರುಕಾದನು. 1322ರ ಮಾರ್ಚ್ 16ರಂದು ಬರೋಬ್ರಿಜ್ ಸೇತುವೆಯ ಬಳಿ ಅವನ ಪಕ್ಷದವರು ಗೆದ್ದರು. ಆರು ದಿನಗಳ ಮೇಲೆ ಲ್ಯಾಂಕಾಸ್ಟರಿನ ಥಾಮಸನ ತಲೆ ಅವನ ಸ್ವಂತ ಕೋಟೆಯ ಹೊರಗೇ ಉರುಳಿತು. ಹತ್ತು ವರುಷದ ಹಗೆ ತೀರಿತು.

ಗೆದ್ದ ಉಮೇದಿನಲ್ಲಿ ಅದೇ ವರುಷ ಆಗಸ್ಟಿನಲ್ಲಿ ದೊರೆ ಸ್ಕಾಟ್ಲೆಂಡಿಗೆ ದೊಡ್ಡ ದಂಡು ಕೊಂಡೊಯ್ದನು. ಬ್ರೂಸ್ ಕಾದಾಡಲಿಲ್ಲ. ದಾರಿಯ ಊರುಗಳಿಂದ ಕಾಳುಕಡಿ, ದನಕರುಗಳನ್ನು ಮೊದಲೇ ಸಾಗಿಸಿಬಿಟ್ಟನು. ಇಂಗ್ಲಿಷರ ಕೈಗೆ ಸಿಕ್ಕಿದ್ದು ಒಂದು ಕುಂಟು ಹಸು ಮಾತ್ರ ಎಂದು ಸ್ಕಾಟರು ಹಾಡಿಕೊಂಡು ನಕ್ಕರು. ದಂಡು ಹಸಿವಿನಿಂದಲೂ ರೋಗದಿಂದಲೂ ಕರಗಿ ಹಿಂದಿರುಗಿತು. ಅಕ್ಟೋಬರಿನಲ್ಲಿ ಬೈಲಂಡ್ ಎಂಬಲ್ಲಿ ಸ್ಕಾಟರು ಬೆನ್ನಟ್ಟಿ ಬಂದಾಗ ದೊರೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡನು. ಮರುವರ್ಷ ಹದಿಮೂರು ವರುಷಗಳ ಕದನವಿರಾಮಕ್ಕೆ ಒಪ್ಪಿದನು.

ಮುಂದಿನ ನಾಲ್ಕು ವರುಷ ದೊರೆಗೆ ಎದುರಿಲ್ಲ. ದಂಗೆಕೋರರ ಆಸ್ತಿ ಜಪ್ತಾಗಿ ಖಜಾನೆ ತುಂಬಿತು. ಸಾಲದಲ್ಲಿ ಶುರುವಾದ ಆಳ್ವಿಕೆ ಮುಗಿಯುವಾಗ ಖಜಾನೆಯಲ್ಲಿ ಸುಮಾರು 60,000 ಪೌಂಡು ಇತ್ತು. ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಅವನು ವಿದ್ಯಾರ್ಥಿಗಳಿಗೆ ನೆಲೆ ಮಾಡಿಕೊಟ್ಟದ್ದೂ ಉಂಟು. 1326ರಲ್ಲಿ ಸ್ಥಾಪನೆಯಾದ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು ಇಂದಿಗೂ ಅವನನ್ನು ಸ್ಥಾಪಕನೆಂದು ನೆನೆಯುತ್ತದೆ. ಆದರೆ ಹಣ ಕೂಡಿದಷ್ಟು ವಿಶ್ವಾಸ ಕೂಡಲಿಲ್ಲ. ಫ್ರಾನ್ಸಿನೊಡನೆ ಯುದ್ಧ ಬಂದಾಗ, 1324ರಲ್ಲಿ, ಫ್ರಾನ್ಸಿನವಳೆಂಬ ಕಾರಣಕ್ಕೆ ರಾಣಿ ಇಸಬೆಲ್ಲಾಳ ಆಸ್ತಿಯನ್ನೇ ಕಿತ್ತುಕೊಂಡರು. ಮರುವರ್ಷ ಸಂಧಾನಕ್ಕೆಂದು ಅವಳನ್ನೇ ತವರಿಗೆ ಕಳುಹಿಸಿದರು. ಅದರ ಹಿಂದೆಯೇ ಹನ್ನೆರಡು ವರುಷದ ಯುವರಾಜನನ್ನೂ ಕಳುಹಿಸಿದರು. ಇದಕ್ಕಿಂತ ದಡ್ಡತನದ ರಾಜಕಾರಣ ನಾವು ಓದಿದ್ದು ಕಡಿಮೆ.

ರಾಣಿ ಹಿಂದಿರುಗಿದ್ದು 1326ರ ಸೆಪ್ಟೆಂಬರ್ 24ರಂದು, ಸೈನ್ಯದೊಡನೆ. ಜೊತೆಗೆ ಲಂಡನ್ ಕೋಟೆಯ ಸೆರೆಯಿಂದ ತಪ್ಪಿಸಿಕೊಂಡು ಹೋಗಿದ್ದ ಗಡಿಯ ಸಾಮಂತ ರೋಜರ್ ಮಾರ್ಟಿಮರ್ ಇದ್ದನು. ಪಡೆ ಸಣ್ಣದು, ಆದರೆ ಎದುರಿಸುವವರೇ ಇರಲಿಲ್ಲ. ಲಂಡನ್ನಿನ ಜನ ದೊರೆಯ ಖಜಾನೆ ನೋಡಿಕೊಂಡಿದ್ದ ಬಿಷಪ್ ಸ್ಟೇಪಲ್ಡನ್ನನನ್ನು ಹಾಡಹಗಲೇ ಕೊಂದರು. ದೊರೆ ಡಿಸ್ಪೆನ್ಸರನೊಡನೆ ಪಶ್ಚಿಮಕ್ಕೆ ಓಡಿ, ಚೆಪ್‌ಸ್ಟೋದಲ್ಲಿ ದೋಣಿ ಹತ್ತಿದನು. ಗಾಳಿ ಎದುರಾಯಿತು. ದೋಣಿ ನಡೆಸುವುದನ್ನೇ ಬಾಳಿನ ಸುಖವೆಂದುಕೊಂಡಿದ್ದವನು ದಿನಗಟ್ಟಲೆ ಹೆಣಗಿ ಕಾರ್ಡಿಫ್‌ನಲ್ಲಿ ಮತ್ತೆ ವೇಲ್ಸಿನ ದಡಕ್ಕೇ ಇಳಿಯಬೇಕಾಯಿತು. ನವೆಂಬರ್ 16ರಂದು ಸೆರೆಸಿಕ್ಕನು. ಡಿಸ್ಪೆನ್ಸರನ ಕೊನೆ ಎಷ್ಟು ಭೀಕರವಾಗಿತ್ತೆಂದರೆ ಮಕ್ಕಳು ಓದುವ ಈ ಪುಟಗಳಲ್ಲಿ ಅದನ್ನು ಬಿಡುವುದೇ ಮೇಲು.

1327ರ ಜನವರಿಯಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಪಾರ್ಲಿಮೆಂಟು ಸೇರಿತು. ದೊರೆಯ ಮೇಲೆ ಆರೋಪಪಟ್ಟಿ ಸಿದ್ಧವಾಯಿತು. ಆಳಲು ಅಸಮರ್ಥ, ಕೆಟ್ಟವರ ಮಾತು ಕೇಳಿದವ, ಸ್ಕಾಟ್ಲೆಂಡನ್ನು ಕಳೆದವ, ನ್ಯಾಯ ನಡೆಸದವ, ಕುಲೀನರನ್ನು ಕೊಲ್ಲಿಸಿದವ ಎಂದೆಲ್ಲ ಅದರಲ್ಲಿತ್ತು. ಅರಸನಿಗೆ ತಕ್ಕುದಲ್ಲದ ಕೆಲಸಗಳಲ್ಲಿ ಕಾಲ ಕಳೆದನೆಂಬುದೂ ಒಂದು ಆರೋಪ. ಆ ಕೆಲಸಗಳಾವುವೆಂದು ನಾವು ಆರಂಭದಲ್ಲಿಯೇ ನೋಡಿದೆವು. ಆದರೆ ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೂ ಹಸಿವಿನಿಂದ ಸತ್ತ ಲಕ್ಷಾಂತರ ಜನರ ಮಾತು ಎಲ್ಲೂ ಇಲ್ಲ. ಅರಸನ ಮೇಲೆ ಸಾಮಂತರು ತೆಗೆದ ಲೆಕ್ಕವೇ ಅದೆಲ್ಲ. ಹೊಲದವರ ಲೆಕ್ಕವನ್ನು ಎರಡೂ ಪಕ್ಷದವರು ಬರೆಯಲಿಲ್ಲ.

ಜನವರಿ 20ರಂದು ಕೆನಿಲ್‌ವರ್ತ್ ಕೋಟೆಯಲ್ಲಿ ಎಡ್ವರ್ಡ್ ಕಣ್ಣೀರಿಡುತ್ತ ಮಗನಿಗೆ ರಾಜ್ಯ ಬಿಟ್ಟುಕೊಟ್ಟನು. ನಾರ್ಮನರು ಇಂಗ್ಲೆಂಡನ್ನು ಗೆದ್ದ 1066ರಿಂದೀಚೆಗೆ ಹೀಗೆ ಪಟ್ಟದಿಂದ ಇಳಿಸಲ್ಪಟ್ಟ ಮೊದಲ ದೊರೆ ಅವನೇ. ಏಪ್ರಿಲಿನಲ್ಲಿ ಬರ್ಕ್ಲಿ ಕೋಟೆಗೆ ಸಾಗಿಸಿದರು. ಸೆಪ್ಟೆಂಬರ್ 21ರಂದು ಅಲ್ಲಿ ಸತ್ತನೆಂದು ಪ್ರಕಟವಾಯಿತು. ಕೊಲೆಯೆಂದೇ ಹೆಚ್ಚಿನವರ ನಂಬಿಕೆ. ಮೂರು ವರುಷ ಮಾರ್ಟಿಮರನೇ ನಾಡನ್ನು ಆಡಿಸಿದನು. 1330ರಲ್ಲಿ ಹದಿನೆಂಟರ ಎಳೆಯ ದೊರೆ ಮೂರನೆಯ ಎಡ್ವರ್ಡ್ ಅವನನ್ನು ಹಿಡಿಸಿ ಗಲ್ಲಿಗೇರಿಸಿದನು.

ಎಡ್ವರ್ಡನ ದೇಹವನ್ನು 1327ರ ಡಿಸೆಂಬರ್ 20ರಂದು ಗ್ಲೌಸ್ಟರಿನ ಮಠದಲ್ಲಿ ಸಮಾಧಿ ಮಾಡಿದರು. ಅವನು ಸಾಯಲಿಲ್ಲ, ತಪ್ಪಿಸಿಕೊಂಡು ಇಟಲಿಯಲ್ಲಿ ಸಂನ್ಯಾಸಿಯಾಗಿದ್ದನೆಂದು ಹೇಳುವ ಒಂದು ಪತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಪೆಲಿಯೆ ಪಟ್ಟಣದ ದಫ್ತರದಲ್ಲಿ ಸಿಕ್ಕಿತು. ಹೆಚ್ಚಿನ ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಗ್ಲೌಸ್ಟರಿನ ಸಮಾಧಿಯ ಮೇಲೆ ಹಾಲುಗಲ್ಲಿನಂಥ ಅಲಬಾಸ್ಟರ್ ಕಲ್ಲಿನಲ್ಲಿ ಕೊರೆದ ಅವನ ಮೂರ್ತಿ ಇಂದಿಗೂ ಮಲಗಿದೆ. ಕಾಲಿನ ಬಳಿ ಒಂದು ಸಿಂಹ, ತಲೆಯ ಎರಡು ಪಕ್ಕದಲ್ಲಿ ದೇವದೂತರು, ಕೈಯಲ್ಲಿ ರಾಜದಂಡ.